ವೈದ್ಯವಿದ್ಯೆಯ ಮೂಲಶಾಸ್ತ್ರಗಳೂ ಉನ್ನತ ಶಿಕ್ಷಣದ ಪರೀಕ್ಷೆಯೂ

ಮನೆಯ ಬಲವು ತಳಹದಿಯಲ್ಲಿರುವಂತೆ ವೈದ್ಯನ ಬಲವು ಆತನು ಮೊದಲ ವರ್ಷಗಳಲ್ಲಿ ಕಲಿತ ಮೂಲಶಾಸ್ತ್ರಗಳಲ್ಲಿ ಇರುವುದು. ಶರೀರದ ರಚನೆಯನ್ನು ತಿಳಿಸುವ ಅಂಗರಚನಾಶಾಸ್ತ್ರ, ಅದರ ವ್ಯಾಪಾರಗಳನ್ನು ವಿವರಿಸುವ ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಇವು ಮೊದಲ ಮೆಟ್ಟಿಲುಗಳು. ರೋಗವಿಜ್ಞಾನ, ಔಷಧವಿಜ್ಞಾನ, ಸೂಕ್ಷ್ಮಜೀವಿಶಾಸ್ತ್ರಗಳು ಅವುಗಳ ಮೇಲಿನವು. ಎಂ.ಬಿ.ಬಿ.ಎಸ್. ಪದವಿಯನ್ನು ಪಡೆದವರು ಎಂ.ಡಿ., ಎಂ.ಎಸ್. ತರಗತಿಗಳನ್ನು ಸೇರಬೇಕಾದರೆ ಈ ಶಾಸ್ತ್ರಗಳಲ್ಲಿ ಪುನಃ ಪರೀಕ್ಷಿತರಾಗಬೇಕು. ಈ ವಿದ್ಯೆಯು ನಮ್ಮ ದೇಶದಲ್ಲಿ ನೆಲೆಗೊಂಡ ಬಗೆಯೂ, ಅದೇ ಉನ್ನತ ಶಿಕ್ಷಣದ ಹೆಬ್ಬಾಗಿಲಾದ ಬಗೆಯೂ ಅರಿಯತಕ್ಕವಾಗಿವೆ.

ಶವಪರೀಕ್ಷೆಯಿಂದ ಶರೀರವನ್ನು ತಿಳಿಯುವ ಕ್ರಮವು ಭರತಖಂಡಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಅದರ ವಿಧಾನವೇ ಹೇಳಲ್ಪಟ್ಟಿದೆ. ಶವವನ್ನು ಹುಲ್ಲು ಮೊದಲಾದವುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ನೀರಿನಲ್ಲಿ ಏಳು ರಾತ್ರಿ ಇರಿಸಿ, ತರುವಾಯ ಲಾವಂಚ, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲ್ಗೊಂಡು ಒಳಗಿನ ಅಂಗಗಳೆಲ್ಲವನ್ನೂ ಕಣ್ಣಾರೆ ನೋಡಬೇಕೆಂದು ಅಲ್ಲಿ ವಿಧಿಸಲಾಗಿದೆ. ಕಣ್ಣಿನಿಂದ ಕಂಡದ್ದೂ ಶಾಸ್ತ್ರದಿಂದ ಅರಿತದ್ದೂ ಒಂದುಗೂಡಿದಾಗಲೇ ಜ್ಞಾನವು ವೃದ್ಧಿಯಾಗುವುದೆಂಬುದು ಆ ಗ್ರಂಥದ ಅಭಿಪ್ರಾಯ. ಕಾಲಾಂತರದಲ್ಲಿ ಈ ಪದ್ಧತಿಯು ಲುಪ್ತವಾಗಿ, ಶವಸ್ಪರ್ಶವು ಕುಲಾಚಾರಕ್ಕೆ ವಿರುದ್ಧವೆಂಬ ಭಾವನೆಯು ಬಲಿಯಿತು.

೧೮೩೫ನೆಯ ಇಸವಿಯಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಅಲ್ಲಿನ ಪಂಡಿತ ಮಧುಸೂದನ ಗುಪ್ತರು ವೈದ್ಯಕುಲದಲ್ಲಿ ಜನಿಸಿ, ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಬೋಧಿಸಿದ್ದವರು. ಹೂಪರನ ಅಂಗರಚನಾ ಗ್ರಂಥವನ್ನು ಸಂಸ್ಕೃತಕ್ಕೆ ತಂದವರು. ೧೮೩೬ರಲ್ಲಿ ಅವರು ಸ್ವಹಸ್ತದಿಂದ ಮನುಷ್ಯಶವವನ್ನು ವಿಚ್ಛೇದಿಸಿದರು. ಜಾತಿಭ್ರಷ್ಟತೆಯ ಭಯವು ನಿಜವಾಗಿದ್ದ ಆ ಕಾಲದಲ್ಲಿ ಇದು ಸಾಮಾನ್ಯ ಸಾಹಸವಾಗಿರಲಿಲ್ಲ. ಅವರ ಹಿಂದೆ ವಿದ್ಯಾರ್ಥಿಗಳೂ ಕತ್ತಿಯನ್ನು ಹಿಡಿದರು. ಶತಮಾನಗಳಿಂದ ಬೇರೆಬೇರೆಯಾಗಿದ್ದ ಕಣ್ಣೂ ಶಾಸ್ತ್ರವೂ ಅಂದು ಮತ್ತೆ ಒಂದೆಡೆಗೆ ಬಂದುವು.

ಕನ್ನಡನಾಡಿನಲ್ಲಿ ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಬಂದಿತು. ಸ್ವಾತಂತ್ರ್ಯಾನಂತರ ಇಂಥ ವಿದ್ಯಾಲಯಗಳು ಹೆಚ್ಚಿದುವು. ೧೯೬೩ರಲ್ಲಿ ಕೆ.ಎಲ್.ಇ. ಸಂಸ್ಥೆಯು ಬೆಳಗಾವಿಯಲ್ಲಿಯೂ, ೧೯೮೪ರಲ್ಲಿ ಸುತ್ತೂರು ಶ್ರೀಮಠದ ಆಶ್ರಯದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಲ್ಲಿಯೂ ವೈದ್ಯಕೀಯ ಕಾಲೇಜುಗಳನ್ನು ತೆರೆದುದು ಈ ಸಾಲಿಗೆ ಸೇರಿದ ಸಂಗತಿಗಳು.

ಪದವೀಧರರು ಹೆಚ್ಚಿದಂತೆ ಉನ್ನತ ಶಿಕ್ಷಣದ ಸ್ಥಾನಗಳಿಗೆ ಪೈಪೋಟಿಯೂ ಹೆಚ್ಚಿತು. ಪ್ರಾಂತಾಭಿಮಾನದಿಂದ ಯೋಗ್ಯರಿಗೆ ಬಾಗಿಲು ಮುಚ್ಚಬಾರದೆಂದು ೧೯೮೪ರಲ್ಲಿ ಪ್ರದೀಪ ಜೈನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿದ ಮೇಲೆ, ಒಂದು ಪಾಲು ಸ್ಥಾನಗಳು ಅಖಿಲ ಭಾರತ ಪರೀಕ್ಷೆಯಿಂದ ತುಂಬಲ್ಪಟ್ಟುವು. ಬಳಿಕ ಇಡೀ ದೇಶಕ್ಕೆ ಒಂದೇ ಪರೀಕ್ಷೆಯಾದ ‘ನೀಟ್’ ಬಂದಿತು. ೨೦೧೩ರ ಜುಲೈ ತಿಂಗಳಲ್ಲಿ ನ್ಯಾಯಾಲಯವು ಅದನ್ನು ರದ್ದುಗೊಳಿಸಿ, ೨೦೧೬ರ ಏಪ್ರಿಲ್ ತಿಂಗಳಲ್ಲಿ ತನ್ನ ತೀರ್ಪನ್ನು ಹಿಂತೆಗೆದುಕೊಂಡಿತು. ೨೦೨೧ರ ಪರೀಕ್ಷೆಯಲ್ಲಿ ಮೂರೂವರೆ ಗಂಟೆಗಳಲ್ಲಿ ೨೦೦ ಪ್ರಶ್ನೆಗಳು. ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳನ್ನು ಕೊಟ್ಟು ಒಂದನ್ನು ಆರಿಸಹೇಳುವ ಕ್ರಮ. ಸರಿಯುತ್ತರಕ್ಕೆ ೪ ಅಂಕ. ತಪ್ಪಿದರೆ ೧ ಅಂಕ ಕಡಿತ. ಬಡವನ ಮಗನನ್ನೂ ಧನಿಕನ ಮಗನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇದರ ಗುಣವೆಂಬುದನ್ನು ಅಲ್ಲಗಳೆಯಲಾಗದು.

ಆದರೆ ಒಂದು ಪ್ರಶ್ನೆಗೆ ಒಂದು ನಿಮಿಷವೂ ಮೂರು ಸೆಕೆಂಡುಗಳಷ್ಟೂ ಮಾತ್ರ ದೊರೆಯುವಲ್ಲಿ ಕಂಠಪಾಠದ ಕಡೆಗೆ ಮನಸ್ಸು ಎಳೆಯುವುದು ಸಹಜ. ಇತ್ತ ಮೂಲಶಾಸ್ತ್ರಗಳ ಮೊದಲ ಹಂತಕ್ಕಿದ್ದ ೧೮ ತಿಂಗಳ ಅವಧಿಯನ್ನು ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು ೧೯೯೭ರ ನಿಯಮಗಳಲ್ಲಿ ಒಂದು ವರ್ಷಕ್ಕೆ ಇಳಿಸಿತ್ತು. ಕಲಿಯುವ ಕಾಲವು ಕುಗ್ಗಿ, ನೆನಪಿನ ಭಾರವು ಹಿಗ್ಗಿತು.

ಇದಕ್ಕೊಂದು ನಿದರ್ಶನವುಂಟು. ಧ್ವನಿಪೆಟ್ಟಿಗೆಗೆ ಹೋಗುವ ಒಂದು ನರವು ಎಡಮಗ್ಗುಲಲ್ಲಿ ನೇರವಾಗಿ ಹೋಗದೆ, ಎದೆಯೊಳಕ್ಕೆ ಇಳಿದು, ಮಹಾಧಮನಿಯ ಬಾಗನ್ನು ಸುತ್ತಿ ಪುನಃ ಕೊರಳಿಗೆ ಏರುವುದು. ಇದನ್ನು ಬರಿಯ ನೆನಪಿನಿಂದ ಹೇಳುವವನು ಇಂದು ಹೇಳಿ ನಾಳೆ ಮರೆಯುವನು. ಗರ್ಭಸ್ಥ ಶಿಶುವಿನಲ್ಲಿ ಹೃದಯವೂ ಅದರ ಧಮನಿಗಳೂ ಮೊದಲು ಕೊರಳ ಬಳಿ ಇದ್ದು, ತರುವಾಯ ಎದೆಗೆ ಇಳಿಯುವಾಗ ಆ ನರವನ್ನೂ ಸೆಳೆದೊಯ್ದುವೆಂದು ಅರಿತವನಾದರೋ ಮರೆಯಲಾರನು. ಧ್ವನಿ ಒಡೆದ ರೋಗಿಯೊಬ್ಬನು ಬಂದರೆ ಗಂಟಲನ್ನಷ್ಟೇ ನೋಡಿ ಬಿಡದೆ, ಎದೆಯಲ್ಲಿ ಧಮನಿಯು ಉಬ್ಬಿರಬಹುದೇ ಎಂದು ಆತನು ಯೋಚಿಸುವನು. ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ಶಸ್ತ್ರದಿಂದ ತೆಗೆಯುವಾಗ ಅದೇ ನರವನ್ನು ಕಾಪಾಡುವನು. ಪರೀಕ್ಷೆಯಲ್ಲಿ ನಾಲ್ಕು ಅಂಕದ ಉತ್ತರವು ರೋಗಿಯ ಪಾಲಿಗೆ ಜನ್ಮದ ಮಾತಾಗಿರುವುದು.

ಆದಕಾರಣ ಉನ್ನತ ಪರೀಕ್ಷೆಗೆ ಸಿದ್ಧರಾಗುವ ತರುಣರು ಮೊದಲ ವರ್ಷದ ಗ್ರಂಥಗಳನ್ನು ದಾಟಿದ ಹೊಳೆಯೆಂದು ಭಾವಿಸಲಾಗದು. ಪ್ರತಿಯೊಂದು ರೋಗದಲ್ಲಿಯೂ ಅದರ ಮೂಲಕಾರಣವನ್ನು ಹುಡುಕುತ್ತ ಮೂಲಶಾಸ್ತ್ರಕ್ಕೆ ಮರಳುವುದೇ ರಾಜಮಾರ್ಗ. ಮಧುಸೂದನ ಗುಪ್ತರು ಲೋಕಾಪವಾದಕ್ಕೆ ಅಂಜದೆ ತೆರೆದ ಬಾಗಿಲು ಅದು. ಪರೀಕ್ಷೆಯ ಅವಸರದಲ್ಲಿ ಅದನ್ನು ಮುಚ್ಚಗೊಡಬಾರದು.