ಹಾಲಿನವರ ಮನೆಮಗ ಅಪ್ಪು

ನಮ್ಮ ಹಾಲು ಉತ್ಪಾದಕರ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ದಿವಂಗತ ಪುನೀತ್ ರಾಜ್‌ಕುಮಾರ್ ಅವರನ್ನು ನೆನೆಯದಿದ್ದರೆ ಋಣ ಮರೆತಂತೆ. ಬರೀ ಸಿನಿಮಾ ಅಭಿಮಾನಕ್ಕೆ ಹೇಳುತ್ತಿಲ್ಲ. ಡಾ. ರಾಜ್ ಒಂದು ರೂಪಾಯಿ ತಗೊಳ್ಳದೆ ನಂದಿನಿ ಹಾಲಿನ ಪ್ರಚಾರಕ್ಕೆ ನಿಂತರು. ಮಗನೂ ಹಾಗೇ ನಡಕೊಂಡರು. ಆ ಹಾಲು ನಮ್ಮ ಕೊಟ್ಟಿಗೆಯದಲ್ಲವೇ?

2021ರ ಅಕ್ಟೋಬರ್ 29, ಶುಕ್ರವಾರ. ಇನ್ನೂ 46 ವರ್ಷ, ಹೊರಟೇಹೋದರು. ಹಿರಿಮಗಳು ಅಮೆರಿಕದಿಂದ ಬರೋ ತನಕ ಕಾದು, 31ರ ಬೆಳಿಗ್ಗೆ ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲಿ ಅಪ್ಪ-ಅಮ್ಮನ ಹತ್ತಿರವೇ ಮಣ್ಣು ಮಾಡಿದರು.

2006ರಲ್ಲಿ ತಂದೆಯವರ, 2017ರಲ್ಲಿ ತಾಯಿಯವರ ಕಣ್ಣು ದಾನವಾಗಿದ್ದವು. ಅಪ್ಪು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು. ಎರಡು ಕಣ್ಣು, ನಾಲ್ಕು ಜನ ಹೇಗೆ ಅಂತ ಕೇಳೋರಿದ್ದಾರೆ. ಕಣ್ಣಿನ ಮುಂದಿನ ಗಾಜಿನಂಥ ಪೊರೆಯನ್ನು ಎರಡು ಪದರವಾಗಿ ಬಿಡಿಸಿ, ಒಂದೊಂದನ್ನು ಒಬ್ಬೊಬ್ಬರಿಗೆ ಹಾಕಿದರು. ಆಮೇಲೆ ರಾಜ್ಯದಲ್ಲಿ ಸಾವಿರಾರು ಮಂದಿ ಕಣ್ಣುದಾನಕ್ಕೆ ಹೆಸರು ಬರೆಸಿದರು.