ಗಾಳಿ ತೊಳೆಯಲು ಹೋಗಿ ನೀರು ಕಳ್ಕೊಂಡ ಊರು

ಇವತ್ತು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಕಥೆ. ಲಾಸ್ ಏಂಜಲೀಸ್ ಪಕ್ಕದಲ್ಲಿ, ಸಮುದ್ರದ ದಡದಲ್ಲಿರುವ ಊರು. 1995ರಲ್ಲಿ ಅಲ್ಲಿನ ಚಾರ್ನಾಕ್ ಬೋರ್‌ವೆಲ್‌ಗಳ ನೀರಿನಲ್ಲಿ ಎಂಟಿಬಿಇ ಅನ್ನೋ ರಾಸಾಯನಿಕ ಸಿಕ್ಕಿತು. ಮರುವರ್ಷ ಆ ಬೋರ್‌ವೆಲ್‌ಗಳನ್ನೆಲ್ಲ ನಿಲ್ಲಿಸಿದರು. ಊರಿನ ಕುಡಿಯೋ ನೀರಲ್ಲಿ ಹತ್ತಿರಹತ್ತಿರ ಅರ್ಧ ಹೋಯ್ತು! ಹೊರಗಿಂದ ದುಡ್ಡು ಕೊಟ್ಟು ತರಿಸಬೇಕಾಯ್ತು.

ಈ ಎಂಟಿಬಿಇ ಬಂದಿದ್ದು ಪೆಟ್ರೋಲ್‌ನಿಂದ. ಸೀಸ ವಿಷ ಅಂತ ಅದನ್ನು ಕಡಿಮೆ ಮಾಡುತ್ತಾ ಬಂದಾಗ, 1979ರಿಂದ ಅದರ ಜಾಗದಲ್ಲಿ ಇದನ್ನು ಬೆರೆಸತೊಡಗಿದರು. ಆಮೇಲೆ ಹೊಗೆ ಹೆಚ್ಚಿರುವ ನಗರಗಳ ಪೆಟ್ರೋಲ್‌ಗೆ ಆಮ್ಲಜನಕ ಇರುವ ವಸ್ತು ಸೇರಿಸಲೇಬೇಕು ಅಂತ 1990ರ ಕಾನೂನು ಹೇಳಿತು. ಎಥನಾಲ್ ಕೂಡ ಆಗ್ತಿತ್ತು. ಆದರೆ ಎಂಟಿಬಿಇ ಪೈಪ್‌ಲೈನಲ್ಲಿ ಸಲೀಸಾಗಿ ಹೋಗುತ್ತೆ, ಹಾಗಾಗಿ ಹೆಚ್ಚಿನ ಕಂಪನಿಗಳು ಅದನ್ನೇ ಹಿಡಿದವು.

ಸಮಸ್ಯೆ ಇದ್ದದ್ದು ಬಂಕ್ ಕೆಳಗೆ. ಹೂತಿಟ್ಟ ಹಳೇ ಟ್ಯಾಂಕ್‌ಗಳಲ್ಲಿ ಬಹಳಷ್ಟು ಒಂದೇ ಪದರದ ಬರೀ ಉಕ್ಕಿನವು. ತುಕ್ಕು ಹಿಡಿದು ಸೋರುತ್ತಿದ್ದವು. ಪೆಟ್ರೋಲ್‌ನಲ್ಲಿರೋ ಬೆಂಜೀನ್ ಥರದ್ದನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿನ್ನುತ್ತಾ ಹೋಗುತ್ತವೆ, ಅದು ತುಂಬಾ ದೂರ ಹರಿಯಲ್ಲ. ಎಂಟಿಬಿಇ ಹಾಗಲ್ಲ. ನೀರಲ್ಲಿ ಚೆನ್ನಾಗಿ ಕರಗುತ್ತೆ, ಮಣ್ಣಿಗೆ ಅಂಟಲ್ಲ, ಅಂತರ್ಜಲ ಎತ್ತ ಹೋದರೆ ಅದರ ಜೊತೆಗೇ ಓಡುತ್ತೆ. ನೀರಿಗೆ ಟರ್ಪೆಂಟೈನ್ ವಾಸನೆ. ರುಚಿ-ವಾಸನೆ ಕೆಡದಿರಲಿ ಅಂತ ಕ್ಯಾಲಿಫೋರ್ನಿಯಾ ಆಮೇಲೆ ಹಾಕಿದ ಮಿತಿ ಲೀಟರ್‌ಗೆ 5 ಮೈಕ್ರೋಗ್ರಾಂ. ಚಾರ್ನಾಕ್‌ನಲ್ಲಿ 610ರವರೆಗೆ ಸಿಕ್ಕಿತ್ತು.

ನಾನು ಕಾಮರ್ಸ್ ಓದಿದವಳು, ನನಗೆ ಮೊದಲು ಕಾಣೋದು ತಾರೀಖು ಮತ್ತು ಬಿಲ್ಲು. ಟ್ಯಾಂಕ್ ಸೋರೋದು ಸರ್ಕಾರಕ್ಕೆ ಗೊತ್ತಿರಲಿಲ್ವಾ? ಗೊತ್ತಿತ್ತು. ಸೋರಿಕೆ ಸ್ವಚ್ಛ ಮಾಡೋಕೆ ಅಂತಲೇ 1986ರಲ್ಲಿ ಒಂದು ನಿಧಿ ಮಾಡಿ, ಗ್ಯಾಲನ್ ಪೆಟ್ರೋಲ್‌ಗೆ ಒಂದು ಸೆಂಟಿನ ಹತ್ತನೇ ಒಂದು ಭಾಗ ತೆರಿಗೆ ಹಾಕಿದ್ದರು. 1988ರ ನಿಯಮ ಹಳೇ ಟ್ಯಾಂಕ್ ಸರಿಪಡಿಸೋಕೆ ಹತ್ತು ವರ್ಷ ಗಡುವು ಕೊಟ್ಟಿತು, ಅಂದರೆ 1998ರ ಡಿಸೆಂಬರ್. ಹೊಸ ಪೆಟ್ರೋಲ್‌ಗೆ ಮಾತ್ರ ಯಾರೂ ಕಾಯಲಿಲ್ಲ. ಅದು ಸೋರೋ ಟ್ಯಾಂಕಿಗೇ ಬಂದು ಬಿತ್ತು. ಗಾಳಿ ನೋಡಿಕೊಂಡವರು ನೆಲದ ಕಡೆ ನೋಡಲಿಲ್ಲ ಅಂತಲೇ ನನ್ನ ತಕರಾರು.

ನಗರ ತೈಲ ಕಂಪನಿಗಳ ಮೇಲೆ ಕೇಸ್ ಹಾಕಿತು. ವರ್ಷಗಟ್ಟಲೆ ಎಳೆದಾಡಿ, ರಾಜಿಯಲ್ಲಿ ದುಡ್ಡು ವಸೂಲಾಯ್ತು. 2004 ಬರುವಷ್ಟರಲ್ಲಿ ಕ್ಯಾಲಿಫೋರ್ನಿಯಾ ಎಂಟಿಬಿಇ ನಿಲ್ಲಿಸಿ ಎಥನಾಲ್‌ಗೆ ಬಂತು. ನಿಮ್ಮ ಬೈಕಿನ ಟ್ಯಾಂಕಲ್ಲೂ ಈಗ ಅದೇ ಎಥನಾಲ್ ಇದೆ ನೋಡಿ.

ಕೆಟ್ಟ ನೀರನ್ನು ಮೇಲೆತ್ತಿ ಇದ್ದಿಲಿನ ಫಿಲ್ಟರ್‌ನಲ್ಲಿ ಹಾಯಿಸೋದೇ ಅಲ್ಲಿ ಕಂಡುಕೊಂಡ ದಾರಿ. ಎಂಟಿಬಿಇ ಇದ್ದಿಲಿಗೂ ಸರಿಯಾಗಿ ಅಂಟಲ್ಲ, ಅದಕ್ಕೇ ರಾಶಿ ಇದ್ದಿಲು ಬೇಕು. ಆ ಘಟಕ ಉದ್ಘಾಟನೆ ಆಗಿ ಚಾರ್ನಾಕ್ ನೀರು ಮತ್ತೆ ಊರಿನ ನಲ್ಲಿಗೆ ಬರುವಾಗ 2011.