ಬಡವರ ಸ್ಟೆಡಿಕ್ಯಾಮ್

1923ರಲ್ಲಿ ಅಮೆರಿಕದ ಕೊಡಕ್ ಕಂಪನಿ ಹೊಸ ಸಾಮಾನೊಂದನ್ನು ಮಾರಾಟಕ್ಕೆ ಇಟ್ಟಿತು. ಹೆಸರು ಸಿನಿ-ಕೊಡಕ್. ಸ್ಟುಡಿಯೋದವರಿಗಲ್ಲ, ಮನೆಮಂದಿಗೆ ಅಂತಲೇ ಮಾಡಿದ ಸಿನಿಮಾ ಕ್ಯಾಮೆರಾ. ತೂಕ ಮೂರು ಕೆಜಿಗೂ ಮೇಲೆ. ಶೂಟಿಂಗ್ ನಡೆಯುವಷ್ಟು ಹೊತ್ತೂ ಹಿಡಿಕೆಯನ್ನು ಸೆಕೆಂಡಿಗೆ ಎರಡು ಸುತ್ತಿನಂತೆ ಕೈಯಲ್ಲೇ ತಿರುಗಿಸುತ್ತಿರಬೇಕು. ಹಾಗಾಗಿ ಟ್ರೈಪಾಡ್ ಇಲ್ಲದೆ ಕೆಲಸವೇ ಆಗ್ತಿರಲಿಲ್ಲ. ಕ್ಯಾಮೆರಾ, ಪ್ರೊಜೆಕ್ಟರ್, ಟ್ರೈಪಾಡ್, ಪರದೆ, ಫಿಲ್ಮ್ ಅಂಟಿಸುವ ಸಲಕರಣೆ ಎಲ್ಲ ಸೇರಿ 335 ಡಾಲರ್. ಆ ಕಾಲಕ್ಕೆ ಅಲ್ಲಿ 550 ಡಾಲರ್ ಕೊಟ್ಟರೆ ಹೊಸ ಫೋರ್ಡ್ ಕಾರೇ ಮನೆಗೆ ಬರುತ್ತಿತ್ತು. ಅಂದ್ರೆ ಸಿನಿಮಾ ಹವ್ಯಾಸದ ಬೆಲೆ ಅರ್ಧ ಕಾರಿಗಿಂತ ಜಾಸ್ತಿ!

ಇದನ್ನು ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಆಫೀಸಿನಲ್ಲಿ ಕಿರುಚಿತ್ರದ ಹುಚ್ಚು ಹತ್ತಿದವರು ಪ್ರತಿ ವರ್ಷ ಇಬ್ಬರಾದರೂ ಸಿಕ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: "ಕಡಿಮೆ ಬಜೆಟ್ಟಿಗೆ ಯಾವ ಕ್ಯಾಮೆರಾ ತಗೊಳ್ಲಿ ಗುರೂ?" ಮಾಡೆಲ್ ನಂಬರ್ ಹೇಳಿಬಿಡಬಹುದು. ಆದರೆ ಅದು ಆರು ತಿಂಗಳಿಗೆ ಹಳೇದಾಗುತ್ತೆ. ಕಡಿಮೆ ದುಡ್ಡಿಗೆ ಸಿನಿಮಾ ಮಾಡುವ ದಾರಿ ಹೇಗೆ ತೆರೀತು ಅನ್ನೋ ಇತಿಹಾಸ ಮಾತ್ರ ಹಳೇದಾಗಲ್ಲ. ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅನ್ನೋದು ಅದರಲ್ಲೇ ಇದೆ.

ಕೊಡಕ್‌ನ ಆ ಕ್ಯಾಮೆರಾ ಹೊಸ ಅಳತೆಯ ಫಿಲ್ಮ್ ತಂದಿತ್ತು, 16 ಎಂಎಂ. ಸ್ಟುಡಿಯೋದ 35 ಎಂಎಂ ನೈಟ್ರೇಟ್ ಫಿಲ್ಮ್ ಬೆಂಕಿ ಸೋಕಿದರೆ ಧಗ್ಗನೆ ಹತ್ತಿಕೊಳ್ಳುವಂಥದ್ದು, ಮನೆಯೊಳಗೆ ಇಟ್ಟುಕೊಳ್ಳುವ ವಸ್ತುವಲ್ಲ. 16 ಎಂಎಂ ಅಷ್ಟು ಸುಲಭಕ್ಕೆ ಹತ್ತಿಕೊಳ್ಳದ ಅಸಿಟೇಟ್ ಫಿಲ್ಮು. ಆಮೇಲೆ ಆರ್ಥಿಕ ಕುಸಿತದ ವರ್ಷಗಳು ಬಂದವು. 1932ರಲ್ಲಿ ಕೊಡಕ್‌ನವರು 8 ಎಂಎಂ ಅಂತ ಒಂದು ಉಪಾಯ ಹೂಡಿದರು. ಅದೇ 16 ಎಂಎಂ ಸುರುಳಿಯ ಒಂದು ಅರ್ಧದಲ್ಲಿ ಚಿತ್ರ ತೆಗೆಯುವುದು, ಸುರುಳಿ ಮುಗಿದ ಮೇಲೆ ತಿರುಗಿಸಿ ಹಾಕಿ ಇನ್ನೊಂದು ಅರ್ಧದಲ್ಲಿ ತೆಗೆಯುವುದು, ತೊಳೆದ ಮೇಲೆ ಉದ್ದಕ್ಕೆ ಸೀಳಿ ಜೋಡಿಸುವುದು. ರೇಷನ್ ಸೀಮೆಎಣ್ಣೆಯನ್ನು ಲೆಕ್ಕ ಹಾಕಿ ಉರಿಸಿದ ಮನೆಗಳಲ್ಲಿ ಬೆಳೆದವರಿಗೆ ಈ ಬುದ್ಧಿ ತಕ್ಷಣ ಅರ್ಥ ಆಗುತ್ತೆ.

1965ರಲ್ಲಿ ಸೂಪರ್ 8 ಬಂತು. ಕತ್ತಲಲ್ಲಿ ತಡಕಾಡಿ ಫಿಲ್ಮ್ ಸಿಕ್ಕಿಸುವ ರಗಳೆ ಇಲ್ಲ, ಪ್ಲಾಸ್ಟಿಕ್ ಡಬ್ಬಿಯನ್ನು ಒಳಗೆ ತಳ್ಳಿದರೆ ಮುಗೀತು. ಆದರೆ ಒಂದು ಡಬ್ಬಿಯಲ್ಲಿ ಇರುತ್ತಿದ್ದದ್ದು 50 ಅಡಿ. ಸೆಕೆಂಡಿಗೆ 18 ಫ್ರೇಮಿನಂತೆ 3 ನಿಮಿಷ 20 ಸೆಕೆಂಡು. ಅಷ್ಟೇ. ಕ್ಯಾಮೆರಾ ಅಗ್ಗವಾದರೂ ಪ್ರತಿ ನಿಮಿಷಕ್ಕೂ ಮೀಟರ್ ಓಡ್ತಾನೇ ಇತ್ತು. ರಾಬರ್ಟ್ ರೊಡ್ರಿಗಸ್ 1992ರ 'ಎಲ್ ಮರಿಯಾಚಿ' ಚಿತ್ರವನ್ನು ಸುಮಾರು 7,000 ಡಾಲರಿನಲ್ಲಿ ಮುಗಿಸಿದ್ದು ಈ ಮೀಟರನ್ನು ಹಿಡಿತದಲ್ಲಿ ಇಟ್ಟುಕೊಂಡೇ. 16 ಎಂಎಂ ಕ್ಯಾಮೆರಾ ಎರವಲು ತಂದದ್ದು. ಟ್ರಾಲಿ ಬದಲು ಗಾಲಿಕುರ್ಚಿ. ಬಹುಪಾಲು ಶಾಟು ಒಂದೇ ಟೇಕು.

ಫಿಲ್ಮಿನ ಮೀಟರ್ ನಿಂತದ್ದು ಟೇಪ್ ಬಂದ ಮೇಲೆ. ನಮ್ಮೂರಿಗೆ ಅದು ಬಂದದ್ದು ಮದುವೆ ವಿಡಿಯೋ ರೂಪದಲ್ಲಿ. ಭುಜದ ಮೇಲೆ ವಿಎಚ್‌ಎಸ್ ಕ್ಯಾಮೆರಾ ಹೊತ್ತ 'ವಿಡಿಯೋದವ್ರು', ಹಿಂದೆ ಹ್ಯಾಲೋಜನ್ ಲೈಟು ಎತ್ತಿ ಹಿಡಿದ ಹುಡುಗ, ಅವನ ಕಾಲಡಿಯಲ್ಲಿ ಚಪ್ಪರದ ಉದ್ದಕ್ಕೂ ಎಳೆದ ವೈರು. ನಮ್ಮ ಚಿಕ್ಕಪ್ಪನ ಮದುವೆಯ ಕ್ಯಾಸೆಟ್ಟಿನಲ್ಲಿ ಅಜ್ಜಿ ಹನ್ನೊಂದು ಸೆಕೆಂಡು ಇದ್ದಾರೆ. ಹಸೆಮಣೆಯ ಪಕ್ಕ ನಿಂತು ಸೋಬಾನೆ ಪದ ಹೇಳ್ತಿದಾರೆ. ತುಟಿ ಅಲ್ಲಾಡುವುದು ಕಾಣುತ್ತೆ, ಕೇಳುವುದು ಮಾತ್ರ ಸಿನಿಮಾ ಹಾಡು. ಆಗಿನ ಪದ್ಧತಿಯೇ ಹಾಗೆ. ವಿಡಿಯೋದವರು ಮದುವೆ ಮನೆಯ ಸದ್ದನ್ನೆಲ್ಲ ಅಳಿಸಿ ಮೇಲೆ ಹಾಡು ಹಾಕಿ ಕೊಡೋರು, ನಮ್ಮೋರೂ ಖುಷಿಯಿಂದ ತಗೊಳ್ಳೋರು. ಅಜ್ಜಿಗೆ ನೂರಾರು ಸೋಬಾನೆ ಪದ ಬರ್ತಿತ್ತು. ಬೇರೆ ಕಡೆ ಎಲ್ಲೂ ರೆಕಾರ್ಡ್ ಆಗಿಲ್ಲ. ಈಗ ಅಜ್ಜಿಯೂ ಇಲ್ಲ. ಕ್ಯಾಮೆರಾದ ಬೆಲೆ ಅನ್ನೋದು ಬರೀ ಶೋಕಿಯ ಲೆಕ್ಕ ಅಲ್ಲ. ಯಾರ ಮುಖ, ಯಾರ ದನಿ ಉಳಿಯುತ್ತೆ ಅನ್ನೋದನ್ನು ಅದೇ ನಿರ್ಧಾರ ಮಾಡಿದೆ.

1995ರಲ್ಲಿ ಸೋನಿಯ ವಿಎಕ್ಸ್1000 ಬಂತು. ಮಿನಿಡಿವಿ ಟೇಪು, ಅದರ ಜೊತೆ ಫೈರ್‌ವೈರ್ ಅನ್ನೋ ಕೇಬಲ್ಲು. ಚಿತ್ರವನ್ನು ಹಾಗೇ ಅಂಕಿಗಳಾಗಿ ಕಂಪ್ಯೂಟರಿಗೆ ಇಳಿಸಬಹುದಾಯ್ತು, ಎಡಿಟಿಂಗ್ ರೂಮು ಮನೆಗೇ ಬಂತು. ನಮ್ಮ ದೇಶದಲ್ಲೂ ಸಣ್ಣ ವಿಡಿಯೋ ಕ್ಯಾಮೆರಾ ಹಿಡಿದು ಏನು ಮಾಡಬಹುದು ಅಂತ ತೋರಿಸಿದ್ದು ಮಹಾರಾಷ್ಟ್ರದ ಮಾಲೇಗಾಂವ್. ಪವರ್‌ಲೂಮ್ ಊರು ಅದು. ವಿಡಿಯೋ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್ ಅಲ್ಲಿನ ಮಗ್ಗದ ಕಾರ್ಮಿಕರನ್ನೇ ಸೇರಿಸಿಕೊಂಡು 'ಮಾಲೇಗಾಂವ್ ಕೆ ಶೋಲೆ' ತೆಗೆದರು. 2008ರ 'ಸೂಪರ್‌ಮೆನ್ ಆಫ್ ಮಾಲೇಗಾಂವ್' ಸಾಕ್ಷ್ಯಚಿತ್ರ ನೋಡಿ, ಎತ್ತಿನ ಗಾಡಿಯೇ ಇವರ ಕ್ರೇನು.

ಆದರೆ ಈ ಸಣ್ಣ ಕ್ಯಾಮೆರಾಗಳಿಗೆ ಒಂದು ಶಾಪ ಇತ್ತು. ಸೆನ್ಸರ್ ಕಡ್ಲೆಕಾಳಿನಷ್ಟು. ಸೆನ್ಸರ್ ಚಿಕ್ಕದಾದಷ್ಟೂ ಮುಂದಿನ ಮುಖ, ಹಿಂದಿನ ಗೋಡೆ, ಗೋಡೆ ಮೇಲಿನ ಕ್ಯಾಲೆಂಡರು ಎಲ್ಲವೂ ಒಂದೇ ಸಮ ಸ್ಪಷ್ಟ. ಸಿನಿಮಾದ ಹಾಗೆ ಹಿನ್ನೆಲೆ ಮಸುಕಾಗೋದೇ ಇಲ್ಲ. ಮಸುಕು ಬೇಕೆಂದವರು ಕ್ಯಾಮೆರಾ ಮುಂದೆ ಮರಳುಗಾಜು ಕಟ್ಟಿ, ಅದರ ಮುಂದೆ ಸ್ಟಿಲ್ ಕ್ಯಾಮೆರಾದ ಲೆನ್ಸು ಕೂರಿಸಿ, ಗಾಜಿನ ಮೇಲೆ ಬಿದ್ದ ಬಿಂಬವನ್ನು ಶೂಟ್ ಮಾಡ್ತಿದ್ದರು.

ಈ ಕಸರತ್ತನ್ನೆಲ್ಲ ಮೂಲೆಗೆ ಸೇರಿಸಿದ್ದು 2008. ಆಗಸ್ಟಿನಲ್ಲಿ ನಿಕಾನ್ ಡಿ90, ವಿಡಿಯೋ ತೆಗೆಯುವ ಮೊದಲ ಡಿಎಸ್‌ಎಲ್‌ಆರ್. ಸೆಪ್ಟೆಂಬರಿನಲ್ಲಿ ಕ್ಯಾನನ್ 5ಡಿ ಮಾರ್ಕ್ 2. ಇದರ ಸೆನ್ಸರ್ 36x24 ಎಂಎಂ, ಸಿನಿಮಾ ಫಿಲ್ಮಿನ ಚೌಕಟ್ಟಿಗಿಂತಲೂ ದೊಡ್ಡದು. ಬೆಲೆ ಲೆನ್ಸ್ ಬಿಟ್ಟು 2,699 ಡಾಲರ್. ತಮಾಷೆ ಏನಪ್ಪಾ ಅಂದ್ರೆ, ಕ್ಯಾನನ್‌ನವರಿಗೆ ಸಿನಿಮಾದವರ ಯೋಚನೆಯೇ ಇರಲಿಲ್ಲ. ವಿಡಿಯೋ ಹಾಕಿದ್ದು ಸುದ್ದಿಸಂಸ್ಥೆಗಳ ಫೋಟೋಗ್ರಾಫರುಗಳಿಗಾಗಿ. ಅದಕ್ಕೇ ಸೆಕೆಂಡಿಗೆ 30 ಫ್ರೇಮು ಮಾತ್ರ ಇತ್ತು, ಸಿನಿಮಾದ 24 ಇರಲಿಲ್ಲ, ನಮಗೆ ಬೇಕಾದ 25 ಕೂಡ ಇರಲಿಲ್ಲ.

25 ಯಾಕೆ ಬೇಕು? ನಮ್ಮ ಕರೆಂಟು 50 ಹರ್ಟ್ಸ್, ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತೆ. ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತೆ. 25 ಫ್ರೇಮು ಇಟ್ಟು ಶಟರ್ 1/50 ಮಾಡಿದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಕ್ಕು ಬೆಳಕು ಸಮ ಆಗುತ್ತೆ. 30 ಫ್ರೇಮಿನಲ್ಲಿ 1/60 ಇಟ್ಟರೆ ಗೋಡೆ ಮೇಲೆ ಪಟ್ಟೆ ಪಟ್ಟೆ ಓಡುತ್ತೆ. ಅಮೆರಿಕದ ಟ್ಯುಟೋರಿಯಲ್ ನೋಡಿ ಸೆಟ್ಟಿಂಗ್ ಕಾಪಿ ಮಾಡುವವರು ಈಗಲೂ ಇಲ್ಲೇ ಜಾರೋದು. ಅಲ್ಲಿ 60 ಹರ್ಟ್ಸ್.

24, 25 ಫ್ರೇಮುಗಳನ್ನು ಕ್ಯಾನನ್ ಕೊಟ್ಟದ್ದು 2010ರ ಮಾರ್ಚಿನ ಫರ್ಮ್‌ವೇರ್‌ನಲ್ಲಿ. ಅಷ್ಟರೊಳಗೆ ನಮ್ಮ ಜಾತಿಯವರು, ಅಂದ್ರೆ ಪ್ರೋಗ್ರಾಮರುಗಳು, ಕೈ ಹಾಕಿ ಆಗಿತ್ತು. 2009ರಲ್ಲಿ ಟ್ರ್ಯಾಮೆಲ್ ಹಡ್ಸನ್ ಎಂಬಾತ ಮ್ಯಾಜಿಕ್ ಲ್ಯಾಂಟರ್ನ್ ಅನ್ನೋ ಮುಕ್ತ ತಂತ್ರಾಂಶ ಬರೆದ. ಕ್ಯಾಮೆರಾ ಬಿಚ್ಚುವ ಮಾತೇ ಇಲ್ಲ, ಮೆಮೊರಿ ಕಾರ್ಡಿನಿಂದಲೇ ಓಡುತ್ತಿತ್ತು. ಆಡಿಯೋ ಮೀಟರು, ತಾನಾಗೇ ದನಿ ಏರಿಸಿ ಗೊರಗೊರ ಎಬ್ಬಿಸುವ ಸೌಲಭ್ಯವನ್ನು ಆಫ್ ಮಾಡುವ ಸ್ವಿಚ್ಚು, ಫೋಕಸ್ ಎಲ್ಲಿದೆ ಅಂತ ತೋರಿಸುವ ಗೆರೆ, ಹೀಗೆ ಕಂಪನಿ ಕೊಡದ್ದನ್ನೆಲ್ಲ ಕೊಟ್ಟ. ಎಷ್ಟೋ ಮಿತಿಗಳಿಗೂ ಲೆನ್ಸಿಗೂ ಸಂಬಂಧವೇ ಇರಲಿಲ್ಲ ಅನ್ನೋದು ಆಮೇಲೆ ಎಲ್ಲರಿಗೂ ಗೊತ್ತಾಯ್ತು. 5ಡಿ 12 ನಿಮಿಷಕ್ಕೆ ನಿಲ್ಲುತ್ತಿದ್ದದ್ದು ಫ್ಯಾಟ್32 ಕಾರ್ಡಿನಲ್ಲಿ ಒಂದು ಫೈಲು 4 ಜಿಬಿ ದಾಟಲ್ಲ ಅಂತ. ಇನ್ನು ಎಷ್ಟೋ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ನಿಲ್ಲುತ್ತಿದ್ದದ್ದು ಯುರೋಪಿನ ಸುಂಕದ ನಿಯಮದಿಂದ. 30 ನಿಮಿಷ ದಾಟಿದರೆ ಅದು ವಿಡಿಯೋ ಕ್ಯಾಮೆರಾ ಅನ್ನಿಸಿಕೊಂಡು ಹೆಚ್ಚಿನ ಸುಂಕ ಬೀಳ್ತಿತ್ತು!

2010ರಲ್ಲಿ ಬಂದ 550ಡಿ ಅದೇ 1080 ಗುಣಮಟ್ಟವನ್ನು 800 ಡಾಲರ್ ಒಳಗೆ ತಂದುಕೊಟ್ಟಿತು. ಇಲ್ಲಿ ಅಮೋಲ್ ಗುಪ್ತೆ ಕ್ಯಾನನ್ 7ಡಿ ಹಿಡಿದು 'ಸ್ಟ್ಯಾನ್ಲಿ ಕಾ ಡಬ್ಬಾ' ಮಾಡಿದರು, 2011ರಲ್ಲಿ ಥಿಯೇಟರಿಗೆ ಬಂತು. ಮಕ್ಕಳ ಕಾರ್ಯಾಗಾರದಲ್ಲೇ ನಡೆದ ಶೂಟಿಂಗು ಅದು. ಎದುರಿಗೆ ಫೋಟೋ ಕ್ಯಾಮೆರಾ ಇದ್ದರೆ ಮಕ್ಕಳು ಹೆದರಲ್ಲ. ಅಗ್ಗದ ಸಾಮಾನಿಗೆ ದುಬಾರಿ ಸಾಮಾನಿಗಿಲ್ಲದ ಗುಣ ಇರೋದೂ ಉಂಟು.

ಈಗ ಲೆನ್ಸಿನ ಕಥೆ. ಇದರಲ್ಲಿ ಸ್ವಲ್ಪ ಜಾಮಿಟ್ರಿ ಇದೆ, ಸಹಿಸಿಕೊಳ್ಳಿ. ಲೆನ್ಸ್ ಕೂರುವ ಉಂಗುರದಿಂದ ಸೆನ್ಸರಿಗೆ ಇರುವ ದೂರ ಪ್ರತಿ ಕಂಪನಿಯ ಕ್ಯಾಮೆರಾಗೂ ಬೇರೆ ಬೇರೆ. ಎಂ42 ಅನ್ನೋ ಹಳೇ ತಿರುಪು ಲೆನ್ಸುಗಳಿಗೆ 45.46 ಎಂಎಂ. ಕ್ಯಾನನ್ ಡಿಎಸ್‌ಎಲ್‌ಆರ್‌ಗೆ 44. ಮಧ್ಯೆ ಉಳಿಯೋದು ಒಂದೂವರೆ ಎಂಎಂ, ತೆಳು ಲೋಹದ ಬಳೆ ಹಾಕಿದರೆ ಲೆಕ್ಕ ಸರಿಹೋಯ್ತು. ನಿಕಾನ್‌ಗೆ 46.5. ಜಾಗ ಮೊದಲೇ ಜಾಸ್ತಿ, ಹಾಗಾಗಿ ದೂರದ ಬೆಟ್ಟ ಫೋಕಸ್ ಆಗಲ್ಲ. ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೋನಿ ಇ ಮೌಂಟಿಗೆ ಬರೀ 18. ಅಲ್ಲಿಗೆ ಹೆಚ್ಚುಕಡಿಮೆ ಯಾವ ಹಳೇ ಲೆನ್ಸೂ ಕೂರುತ್ತೆ. ಅಜ್ಜನ ಕಾಲದ ಸಾಮಾನಿಗೆ ಮತ್ತೆ ಬೆಲೆ ಬಂದದ್ದು ಹೀಗೆ. ಸೋವಿಯತ್ ರಷ್ಯಾದ ಜೆನಿತ್ ಕ್ಯಾಮೆರಾ ಜೊತೆ ಬರ್ತಿದ್ದ ಹೀಲಿಯೋಸ್ 44, ಜರ್ಮನಿಯ ಬಯೋಟಾರ್ ನೋಡಿ ಮಾಡಿದ 58 ಎಂಎಂ ಲೆನ್ಸು, ಹಿಂದಿನ ಬೆಳಕನ್ನು ಸುಳಿ ಸುಳಿಯಾಗಿ ತಿರುಗಿಸುವ ಚೆಲುವಿಗೆ ಈಗ ಹೆಸರುವಾಸಿ. ಹೊಸದೇ ಬೇಕು ಅನ್ನೋರಿಗೆ 50 ಎಂಎಂ ಎಫ್ 1.8 ಇತ್ತು. ಕ್ಯಾನನ್ 1990ರಲ್ಲಿ ಅದರ ಕೂರುವ ಉಂಗುರವನ್ನೂ ಪ್ಲಾಸ್ಟಿಕ್ಕಿನಲ್ಲೇ ಮಾಡಿ ಬೆಲೆ ಇಳಿಸಿತು. ನೋಡೋಕೆ ಆಟದ ಸಾಮಾನು, ಗಾಜು ಮಾತ್ರ ಅಪ್ಪಟ.

ಇನ್ನು ಅಲುಗಾಟ. ಡಿಎಸ್‌ಎಲ್‌ಆರ್ ಸೆನ್ಸರ್ ಚಿತ್ರವನ್ನು ಒಂದೇ ಏಟಿಗೆ ಓದಲ್ಲ, ಮೇಲಿಂದ ಕೆಳಗೆ ಸಾಲು ಸಾಲಾಗಿ ಓದುತ್ತೆ. ಓದಿ ಮುಗಿಸುವಷ್ಟರಲ್ಲಿ ಕೈ ನಡುಗಿದರೆ ಕರೆಂಟ್ ಕಂಬ ಜೆಲ್ಲಿಯ ಹಾಗೆ ತೂಗಾಡುತ್ತೆ. ಇದಕ್ಕೆ ಮದ್ದು ಹಾಲಿವುಡ್‌ನಲ್ಲಿ ಆಗಲೇ ಇತ್ತು. 1975ರಲ್ಲಿ ಗ್ಯಾರೆಟ್ ಬ್ರೌನ್ ಮಾಡಿದ ಸ್ಟೆಡಿಕ್ಯಾಮ್, ಮರುವರ್ಷವೇ 'ರಾಕಿ'ಯಲ್ಲಿ ಮೆಟ್ಟಿಲು ಹತ್ತಿತು. ಅದರ ಗುಟ್ಟು ಗೊತ್ತಾಗಬೇಕಾದರೆ ದೊಂಬರಾಟದವರನ್ನು ನೆನೆಸಿಕೊಳ್ಳಿ. ಹಗ್ಗದ ಮೇಲೆ ನಡೆಯುವವರ ಕೈಲಿ ಉದ್ದ ಕೋಲು ಯಾಕೆ? ತೂಕ ದೂರ ದೂರಕ್ಕೆ ಹರಡಿದಷ್ಟೂ ಅದನ್ನು ತಿರುಗಿಸೋದು ಕಷ್ಟ. ಸ್ಟೆಡಿಕ್ಯಾಮ್‌ನಲ್ಲೂ ಕ್ಯಾಮೆರಾ ಮೇಲೆ, ಬ್ಯಾಟರಿ, ಪರದೆ ಕೆಳಗೆ, ಮಧ್ಯದಲ್ಲಿ ಸುಲಭವಾಗಿ ತಿರುಗುವ ಕೀಲು. ನಡೆಯುವವನ ಏರಿಳಿತವನ್ನು ಸ್ಪ್ರಿಂಗ್ ತೋಳು ನುಂಗಿಕೊಳ್ಳುತ್ತೆ.

ಬೆಲೆ ಮಾತ್ರ ಸ್ಟುಡಿಯೋದವರಿಗೇ. ಆಗ ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದ ಜಾನಿ ಚಂಗ್ ಲೀ ನಲ್ಲಿ ಪೈಪು, ಟೀ ಜಾಯಿಂಟು, ಜಿಮ್ಮಿನ ತೂಕದ ಬಿಲ್ಲೆ ಜೋಡಿಸಿ 14 ಡಾಲರಿಗೆ ಒಂದು ಮಾಡಿ, ಮಾಡುವ ವಿಧಾನವನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಹೆಸರು 'ಬಡವರ ಸ್ಟೆಡಿಕ್ಯಾಮ್'. ನಾವು ರೂಮ್‌ಮೇಟುಗಳು ಎಸ್.ಪಿ. ರಸ್ತೆಯಲ್ಲಿ ಅಲೆದು ಜಿಐ ಪೈಪು ತಂದು ಕಟ್ಟಿದ್ದು ಅದನ್ನೇ. ಓನರ್ ಆಂಟಿ "ಪ್ಲಂಬಿಂಗ್ ಕೆಲಸ ಶುರು ಮಾಡಿದ್ರಾ?" ಅಂತ ಕೇಳಿದ್ರು. ಶೂಟಿಂಗ್ ಮಾತ್ರ ಚೆನ್ನಾಗೇ ಆಯ್ತು, ತೋಳು ಎರಡು ದಿನ ಎತ್ತೋಕೆ ಆಗಲಿಲ್ಲ.

ಆಮೇಲೆ ತೂಕದ ಕೆಲಸವನ್ನು ಮೋಟರ್ ವಹಿಸಿಕೊಂಡಿತು. ಫೋನುಗಳಿಗೆಂದು ಕೋಟಿಗಟ್ಟಲೆ ತಯಾರಾದ ಗೈರೋ ಚಿಪ್ಪು, ಹಾರಾಡುವ ಆಟಿಕೆಗಳಿಗೆಂದು ಬಂದ ಬ್ರಶ್‌ಲೆಸ್ ಮೋಟರು, ಇವೆರಡನ್ನು ಹಿಡಿದಿಡುವ ಕೋಡು. ಕೈ ಒಂದು ಡಿಗ್ರಿ ವಾಲಿದರೆ ಮೋಟರ್ ಆ ಕ್ಷಣವೇ ಒಂದು ಡಿಗ್ರಿ ವಾಪಸ್. 2013ರಲ್ಲಿ ಬಂದ ಮೋವಿ ಗಿಂಬಲ್ಲಿಗೆ ಸುಮಾರು 15,000 ಡಾಲರ್. 2018ರಲ್ಲಿ ಫೋನಿಗೆ ಹಾಕುವ ಡಿಜೆಐ ಆಸ್ಮೋ ಮೊಬೈಲ್ 2ಕ್ಕೆ 129. ದೊಡ್ಡ ಕ್ಯಾಮೆರಾ ಹೊರುವುದಕ್ಕೂ ಫೋನು ಹೊರುವುದಕ್ಕೂ ವ್ಯತ್ಯಾಸ ಇದೆ ಅನ್ನಿ. ಆದರೂ ಐದೇ ವರ್ಷ! ಅಷ್ಟರೊಳಗೆ ಶಾನ್ ಬೇಕರ್ ಐಫೋನ್ 5ಎಸ್, ಅದರ ಮೇಲೊಂದು ಪುಟ್ಟ ಲೆನ್ಸು, 8 ಡಾಲರಿನ ಆ್ಯಪು ಇಟ್ಟುಕೊಂಡು 'ಟ್ಯಾಂಜರೀನ್' ಮಾಡಿ 2015ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವಕ್ಕೆ ಒಯ್ದಾಗಿತ್ತು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಕಾಣೋದು ಇದು. ಅಗ್ಗದ ಸಿನಿಮಾ ಸಾಮಾನಿನ ಬಹುಪಾಲು ಸಿನಿಮಾಗಾಗಿ ಹುಟ್ಟಿದ್ದೇ ಅಲ್ಲ. ಸುದ್ದಿ ಫೋಟೋಗ್ರಾಫರಿಗೆ ಅಂತ ಮಾಡಿದ್ದು, ಫೋನಿಗೆ ಅಂತ ಮಾಡಿದ್ದು, ಡ್ರೋನಿಗೆ ಅಂತ ಮಾಡಿದ್ದು. ಪಕ್ಕದ ಗದ್ದೆಗೆ ಬಿಟ್ಟ ನೀರು ಬದು ಒಡೆದು ನಮ್ಮ ಗದ್ದೆಗೂ ಬಂತು ಅಷ್ಟೇ. ಅದನ್ನು ತಿರುಗಿಸಿಕೊಂಡವರು ಪೈಪು ಜೋಡಿಸಿದವರು, ಕೋಡು ಬರೆದವರು, ಎತ್ತಿನ ಗಾಡಿಗೆ ಕ್ಯಾಮೆರಾ ಹತ್ತಿಸಿದವರು. ಮುಂದಿನ ಮಾಡೆಲ್ ಬರಲಿ, ಇಎಂಐ ಆಫರ್ ಬರಲಿ ಅಂತ ಕಾಯ್ತಾ ಕೂತವರ ಹೆಸರು ಈ ಇತಿಹಾಸದಲ್ಲಿ ಎಲ್ಲೂ ಸಿಗಲ್ಲ.

ಹಾಗಾದ್ರೆ ದುಡ್ಡು ಎಲ್ಲಿ ಹಾಕೋದು? ನಾನು ಕೇಳಿದವರಿಗೆ ಹೇಳೋ ಕ್ರಮ ಇದು. ಮೊದಲು ಮೈಕು, ಕಾಲರಿಗೆ ಸಿಕ್ಕಿಸುವ ಸಾಧಾರಣ ಮೈಕೇ ಸಾಕು. ಚಿತ್ರ ಮಂಕಾದರೆ ಜನ ಸಹಿಸ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗ್ತಾರೆ. ಆಮೇಲೆ ಗಟ್ಟಿಯಾದ ಟ್ರೈಪಾಡು. 1923ರಲ್ಲಿ ಬೇಕಿದ್ದದ್ದು ಈಗಲೂ ಬೇಕು. ಮೂರನೆಯದು ಲೆನ್ಸು, ಅದು ನಾಲ್ಕು ಕ್ಯಾಮೆರಾ ದಾಟಿ ಉಳಿಯುತ್ತೆ. ಗಿಂಬಲ್ಲು ನಡೆದಾಡುವ ಶಾಟು ನಿಜವಾಗಲೂ ಇದ್ದರೆ ಮಾತ್ರ. ಕ್ಯಾಮೆರಾ ಕೊನೆಗೆ, ಅದೂ ಸೆಕೆಂಡ್ ಹ್ಯಾಂಡ್. ಅಲ್ಲೀತನಕ ಜೇಬಿನಲ್ಲಿರೋ ಫೋನನ್ನು 25 ಫ್ರೇಮಿಗೆ ಇಟ್ಟು, ಕಿಟಕಿ ಬೆಳಕಿನಲ್ಲಿ ಕೆಲಸ ಶುರು ಮಾಡಿ. ತೆಗೆದದ್ದನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇಡಿ. ಹಾಂ, ಎಡಿಟ್ ಮಾಡುವಾಗ ಮೇಲೆ ಯಾವ ಹಾಡು ಬೇಕಾದರೂ ಹಾಕಿ, ಕೆಳಗಿರೋ ಅಸಲಿ ಸದ್ದಿನ ಫೈಲನ್ನು ಮಾತ್ರ ಯಾವತ್ತೂ ಅಳಿಸಬೇಡಿ.